ಹುರಿ

ಶಿಡ್ಲಘಟ್ಟದಲ್ಲಿ ಕರೆಂಟು ಹೋದ ಮಧ್ಯಾಹ್ನ
ಹುರಿ ಮಿಷನ್ನು ನಿಂತಿದೆ.
ಖೈರುನ್ನೀಸಾ ಖಾಲಾ ಕೇಳಿದಳು:
ಅಷ್ಟು ಓದಿ ನೀನು ಮಾಡೋದಾದರೂ ಏನು?

ಬೆಂಕಿಯನ್ನು ಪಾತ್ರೆಯಿಲ್ಲದೆ ಹಿಡಿಯೋದು, ಅಂದೆ.
ಪ್ಲಾಸ್ಮಾ ಅಂತಾರೆ. ಗೋಡೆಗೆ ತಾಗಿದರೆ ಆರಿಹೋಗುತ್ತೆ.
ಅದಕ್ಕೇ ಸುತ್ತ ಕಾಂತದ ಎಳೆ.
ಹುರಿ ಸಾಲದಿದ್ದರೆ ಸೋರುತ್ತೆ,
ಹೆಚ್ಚಾದರೆ...

ಆಕೆ ಬಾಬಿನಿನಿಂದ ಮೊಳದುದ್ದ ರೇಷ್ಮೆ ಎಳೆದು
ತೊಡೆಯ ಮೇಲೆ ಹೊಸೆದಳು,
ಇನ್ನೂ ಹೊಸೆದಳು,
ತುದಿಗಳನ್ನು ಹತ್ತಿರ ತಂದಳು.
ನೂಲು ನಡುಗಿತು, ನಡು ಬಳುಕಿ ಹೊರಳಿ
ತನಗೆ ತಾನೇ ಗಂಟುಬಿತ್ತು.

ಆರು ತಿಂಗಳ ನನ್ನ ಲೆಕ್ಕ.

ಬೆರಳಿಗೆ ಮೊದಲೇ ಗೊತ್ತಾಗುತ್ತೆ, ಅಂದಳು,
ಸಣ್ಣಗೆ ಅಲೆ ಏಳುತ್ತೆ ಎಳೆಯಲ್ಲಿ.
ನಿನ್ನ ಬೆಂಕಿಗೆ ಬೆರಳಿಡೋರು ಯಾರು?

ಕರೆಂಟು ಬಂತು.
ಇನ್ನೂರು ಬಾಬಿನು ಒಟ್ಟಿಗೆ ತಿರುಗಿದವು.
ನನ್ನ ತುಟಿ ಅಲುಗಿದ್ದು ಅವಳಿಗೆ ಕಂಡಿರಬೇಕು,
ಕೇಳಲಿಲ್ಲ.