ಎರಡು ಗೀಟಿನ ನಡುವೆ

ನಾನೂರು ಕಿಲೋಮೀಟರಿಗೆ ಒಂದು ಲೀಟರು.
ಅಷ್ಟು ಕುಡಿಯುವ ಗಂಟಲು ಎಲ್ಲಿದೆ
ಈ ತೊಂಬತ್ತೆಂಟರ ಮಾರುತಿಗೆ?

ಮಿಕ್ಸಿ ಬಂದಿದ್ದ ರಟ್ಟಿನ ಪೆಟ್ಟಿಗೆ ಬಿಚ್ಚಿ
ರಾತ್ರಿಯಿಡೀ ಗಾಡಿಯಡಿ ಹಾಸಿಟ್ಟೆ.
ಬೆಳಿಗ್ಗೆ ಅದರ ಮೇಲೆ ಬೆಕ್ಕು ಮಲಗಿತ್ತು.
ಎಬ್ಬಿಸಿ ನೋಡಿದೆ, ಒಂದು ತೊಟ್ಟು ಕಲೆಯಿಲ್ಲ.

ಸೋರದ್ದು ಉರಿದಿರಬೇಕು.
ಸರ್ವಮಂಗಳಾ ಹಿಂದೆ ನಿಂತು ಕೂಗಿದಳು:
‘ಸ್ಟಾರ್ಟ್ ಮಾಡ್ವಾಗ ಇಲ್ಲ. ರೇಸ್ ಮಾಡಿ.
ಹಾಂ, ಬಂತು. ನೀಲಿ.
ಊದುಬತ್ತಿ ಕಟ್ಟು ಪೂರ್ತಿ ಹಚ್ಚಿದ ಹಾಗೆ.’

ಬಿ.ಎಂ. ರಸ್ತೆಯ ದೊಡ್ಡ ಗ್ಯಾರೇಜಿನವನು
ಬಾನೆಟ್ ಎತ್ತಲೇ ಇಲ್ಲ.
‘ರಿಂಗ್ ಹೋಗಿದೆ ಸಾರ್, ಬೋರ್ ಮಾಡ್ಸಿ.
ಮೂವತ್ತೆರಡು ಸಾವಿರ ಆಗುತ್ತೆ.’
ಗಾಡಿ ಮಾರಿದರೂ ಅಷ್ಟು ಹುಟ್ಟುವುದಿಲ್ಲ.

ಸಂತೆಪೇಟೆಯ ಝಬೀವುಲ್ಲಾ ಏನೂ ಹೇಳಲಿಲ್ಲ.
ಪ್ಲಗ್ಗು ಮೂರನ್ನೂ ಬಿಚ್ಚಿ
ಹಳೇ ಬನಿಯನ್ನಿನ ಮೇಲೆ ಸಾಲಾಗಿಟ್ಟ. ಒಂದೊಂದನ್ನೇ ಮೂಸಿದ.
ಆ ತೂತುಗಳಿಗೆ ಗೇಜು ತಿರುಪಿ ‘ಹೊಡೀರಿ’ ಅಂದ.
ನಾನು ಕೀ ತಿರುವಿದೆ.
ನೂರ ಅರವತ್ತು. ನೂರ ಐವತ್ತೈದು. ನೂರ ಅರವತ್ತು.
ಚಮಚದಷ್ಟು ಎಣ್ಣೆ ಒಳಗೆ ಬಿಟ್ಟು ಮತ್ತೆ ಹೊಡೆಸಿದ;
ಮುಳ್ಳು ಇದ್ದಲ್ಲೇ ಇತ್ತು.
‘ರಿಂಗ್ ಗಟ್ಟಿ ಐತೆ. ಯಾರು ಹೋಗದೆ ಅಂದೋರು?’

ಏರ್ ಫಿಲ್ಟರಿನ ಡಬ್ಬಿ ತೆಗೆದ.
ಒಳಗೆ ಬೋಂಡ ಕಟ್ಟಿದ ಪೇಪರಿನಂತೆ
ಎಣ್ಣೆ ಕುಡಿದು ಜೋತುಬಿದ್ದ ಕಾಗದ.
ಆಗ ತಲೆಯೆತ್ತಿ ನನ್ನನ್ನು ನೋಡಿದ.
‘ಎಷ್ಟ್ ಹಾಕ್ತೀರ?’
‘ಕಡ್ಡಿ ಹೇಳಿದಷ್ಟು.’
‘ಕಡ್ಡಿ ಯಾರ್ದು?’

ಇಲ್ಲಿ ನನ್ನ ಬಗ್ಗೆ ಒಂದು ಮಾತು ಹೇಳಲೇಬೇಕು.
ಮೂವತ್ತೊಂದು ವರ್ಷ ನಾನು ಮಾಪನ ಇಲಾಖೆಯ ಇನ್ಸ್‌ಪೆಕ್ಟರು.
ಆಲೂಗಡ್ಡೆ ಮಂಡಿಯ ತಕ್ಕಡಿಗಳಿಗೆ
ಸೀಸದ ಮುದ್ರೆ ಒತ್ತಿದ ಕೈ ಇದು.
ತಟ್ಟೆಯಡಿ ಅಂಟಿಸಿದ ಹುಣಸೆಹಣ್ಣು,
ತಳ ಬಡಿದು ಒಳಕ್ಕೆ ತಗ್ಗಿಸಿದ ಹಾಲಿನ ಲೀಟರು,
ಟೊಳ್ಳು ಕೊರೆದು ಮೇಣ ತುಂಬಿದ ಕಲ್ಲು:
ಎಲ್ಲವನ್ನೂ ಕಟ್ಟಿನಕೆರೆ ಮಾರ್ಕೆಟ್ಟಿನ ನಡುವೆ ನಿಂತು
ಎತ್ತಿ ಹಿಡಿದು ತೋರಿಸಿದ್ದೇನೆ.
ಕಡಿಮೆ ಕೊಡುವವರನ್ನು ಹಿಡಿಯುವುದು ಗೊತ್ತಿತ್ತು.
ಹೆಚ್ಚು ಸುರಿಯುವವನಿಗೆ
ನಮ್ಮಲ್ಲಿ ಸೆಕ್ಷನ್ನೇ ಇರಲಿಲ್ಲ.

ಅಡಿಯ ನಟ್ಟು ಬಿಚ್ಚಿದ. ಗೀಟು ಹಾಕಿದ ಕ್ಯಾನು ಒಡ್ಡಿದ.
ಇಬ್ಬರೂ ಕುಕ್ಕರಗಾಲಲ್ಲಿ ಕೂತು ನೋಡಿದೆವು.
ಮೂರು ಲೀಟರ್ ಹಿಡಿಯುವ ಹೊಟ್ಟೆ.
ಮೂರು ದಾಟಿತು. ಮೂರೂವರೆ. ನಾಲ್ಕು.
ನಾಲ್ಕೂಕಾಲಿಗೆ ನಿಂತಿತು,
ಆಮೇಲೂ ಒಂದೆರಡು ಹನಿ, ನಾಚಿಕೆಯಿಲ್ಲದೆ.

ಅವನ ಹುಡುಗ ಹೊಸ ಕಡ್ಡಿ ತಂದ.
ಎರಡನ್ನೂ ಅಂಗೈ ಮೇಲೆ ಜೋಡಿಸಿ ಹಿಡಿದ ಝಬೀವುಲ್ಲಾ.
ನನ್ನದು ಒಂದು ಬೆರಳು ಗಿಡ್ಡ.
ಅದು ಯಾವತ್ತೂ ತಳ ಮುಟ್ಟಿರಲೇ ಇಲ್ಲ,
ಮೇಲೆ ಮೇಲೆ ನಿಂತು ‘ಕಡಿಮೆ, ಕಡಿಮೆ’ ಅಂದಿತ್ತು.
ನಾನು ನಂಬಿ ಸುರಿದಿದ್ದೆ. ಒಳಗೆ ಕ್ರ್ಯಾಂಕು
ಮಜ್ಜಿಗೆ ಕಡೆದಂತೆ ಕಡೆದು ನೊರೆ ಎಬ್ಬಿಸಿ
ಉಸಿರಿನ ಕೊಳವೆಗುಂಟ ಕಕ್ಕುತ್ತಿತ್ತು.
ಕಕ್ಕಿದ್ದನ್ನು ಕುಡಿತ ಅಂದುಕೊಂಡವನು ನಾನು.

ಎರಡು ವರ್ಷದ ಹಿಂದೆ ಶಾಂತಿಗ್ರಾಮದ ಹತ್ತಿರ
ಹಳೇ ಕಡ್ಡಿಯ ಕಿವಿ ಮುರಿದಾಗ
ಗುಜರಿಯಲ್ಲಿ ಇಪ್ಪತ್ತು ರೂಪಾಯಿಗೆ ಕೊಂಡದ್ದು.
ತೂತಿನಲ್ಲಿ ಕೂತಿತು, ಸಾಕು ಅಂದುಕೊಂಡೆ.
ಅಂಗಡಿಯವನೊಬ್ಬ ನನ್ನ ಮುಂದೆ ಹೀಗೆ ಹೇಳಿದ್ದರೆ
ಕೇಸು ಬರೆಯುತ್ತಿದ್ದೆ.

‘ಮುನ್ನೂರು ಕೊಡಿ’ ಅಂದ. ‘ಕಡ್ಡೀದೂ ಸೇರಿ.’
ಕೈ ತೊಳೆಯುತ್ತಾ, ಬೆನ್ನು ಹಾಕಿಕೊಂಡೇ:
‘ನಮ್ಮಪ್ಪಂದೂ ಒಂದ್ ತಕ್ಕಡಿ ಎತ್ಕೊಂಡ್ ಹೋಗಿದ್ರಿ,
ಎಂಬತ್ತೊಂಬತ್ರಲ್ಲಿ.’
ಸರಿ ಇತ್ತೋ ಇಲ್ಲವೋ, ಅವನು ಹೇಳಲಿಲ್ಲ.
ನನಗೆ ನೆನಪಿಲ್ಲ.

ಈಗ ಒಂಬೈನೂರು ಕಿಲೋಮೀಟರು.
ಎಣ್ಣೆ ಎರಡು ಗೀಟಿನ ನಡುವೆ ಕದಲದೆ ಕೂತಿದೆ.
ಗಿಡ್ಡ ಕಡ್ಡಿಯನ್ನು ಸರ್ವಮಂಗಳಾ ಜಪ್ತಿ ಮಾಡಿದ್ದಾಳೆ,
ಸಿಂಕು ಕಟ್ಟಿಕೊಂಡಾಗ ಚುಚ್ಚಲು.
ಅಲ್ಲಿಗೆ ಅದರ ಉದ್ದ ಸರಿಯಾಗಿದೆ.