ಟೇಪರ್ ಪಿನ್ನು

ಗುತ್ತಲು ರಸ್ತೆಯ ಶೆಡ್ಡಿನಲ್ಲಿ ಮುದಿ ಲೇತು.
ಗೇರ್‌ಬಾಕ್ಸಿನ ಮುಚ್ಚಳ ತೆಗೆದರೆ
ಸೀದ ಪಾಕದಂಥ ಆಯಿಲು,
ತಳದಲ್ಲಿ ಹಿತ್ತಾಳೆಯ ಹೊಟ್ಟು.

‘ಸಣ್ಣ ತುದಿ ಯಾವ ಕಡೆ? ಅಲ್ಲಿಂದ ಹೊಡೀಬೇಕು’ ಎಂದೆ.
ಸಿದ್ದಪ್ಪಾಜಿ ಟಾರ್ಚು ಬಿಟ್ಟ, ಉಗುರಲ್ಲಿ ಕೆರೆದ,
ಕ್ಯಾಲಿಪರ್ ಹಿಡಿದ, ಮತ್ತೆ ಹಿಡಿದ.
‘ಎರಡೂ ಒಂದೇ ಅಳತೆ.
ಇದು ಪಿನ್ನೇ ಅಲ್ಲ ಕಣಣ್ಣೋ.’

ಮೊಳೆ!
ಗಾಡಿಯ ಮೊಳೆ ಕತ್ತರಿಸಿ ತುರುಕಿ
ಎರಡೂ ತುದಿ ಬಡಿದು ಅಣಬೆ ಮಾಡಿದ್ದಾರೆ.
‘ಯಾವ ಗೂಬೆ ನನ್ಮಗನ ಕೆಲಸವೋ’ ಬೈಯುತ್ತಲೇ
ಒಂದು ತಲೆ ಸವೆಸಿ, ಪಂಚಿಟ್ಟು ಹೊಡೆದೆ.
ಆರನೇ ಏಟಿಗೆ ಅಂಗೈಗೆ ಬಿತ್ತು,
ಮೈತುಂಬ ಅರದ ಗೀರು,
ಬಲದಿಂದ ಎಡಕ್ಕೆ ಇಳಿದ ಗೀರು.

ಈ ಶೆಡ್ಡಿನಲ್ಲಿ ಎಡಚ ನಾನೊಬ್ಬನೇ.

ಆಲೆಮನೆಯ ಗಾಣದ ರೋಲರು ಬಂದಿತ್ತು ಅವತ್ತು,
ಹೊರಗೆ ಬೀಡಿಯ ಕೆಂಡ ಮೂರು, ಕಾಯುತ್ತಿದ್ದವು.
ಪಾಪಣ್ಣಾಚಾರ್ರು ಊರಲ್ಲಿರಲಿಲ್ಲ,
ಪಿನ್ನಿನ ಡಬ್ಬಿಯ ಬೀಗದ ಕೈ ಅವರ ಉಡಿದಾರದಲ್ಲಿ.
ನಾಳೆ ಸರಿಯಾದದ್ದು ಹಾಕಿದರಾಯ್ತು ಅಂದುಕೊಂಡೆ.
ಆ ನಾಳೆಗೆ ಇಪ್ಪತ್ತೆಂಟು ವರ್ಷ.
ಮೊಳೆ ಮಾತ್ರ ಯಾರಿಗೂ ಹೇಳದೆ
ಅಷ್ಟೂ ಗಾಣ ತಿರುಗಿಸಿದೆ.

ರೀಮರಿಗೆ ಎಣ್ಣೆ ಬಿಟ್ಟು
ತೂತನ್ನು ಕೂದಲೆಳೆ ಕೂದಲೆಳೆ ಅಗಲಿಸಿದೆವು.
ಹೊಸ ಪಿನ್ನು ಬೆರಳಲ್ಲೇ ಮುಕ್ಕಾಲು ಇಳಿಯಿತು.
ಮಿಕ್ಕಿದ್ದಕ್ಕೆ ಸುತ್ತಿಗೆ:
ಟಪ್, ಟಪ್, ಟಪ್,
ಆಮೇಲೆ ಒಮ್ಮೆಗೇ
ಟಿಣ್.
ಕೂತಿತು.

‘ಯಾರ ಕೆಲಸ ಅಂತ ಗೊತ್ತಾಯ್ತಾ ಅಣ್ಣ?’

‘ಆಯಿಲ್ ಹೊಯ್ಯಿ’ ಎಂದೆ,
ಮೊಳೆಯನ್ನು ಜೇಬಿಗಿಳಿಸಿ.