ಮೂರನೇ ಮೆಟ್ಟಿಲು

ಪಕ್ಕದ ಹೋಂಸ್ಟೇಯಲ್ಲಿ ಅತಿಥಿಯೊಬ್ಬ ಜಾರಿ ಬಿದ್ದ.
ನೋಟೀಸು ಬಂದದ್ದು ಚೀಯಣ್ಣನಿಗೆ,
ನಿದ್ದೆ ಹೋದದ್ದು ನನಗೆ.

ವಿರಾಜಪೇಟೆಯ ವಕೀಲರೆಂದರು:
"ಕೇಸು ಬಿದ್ದ ಮೇಲೆ ಬರೆದುಕೊಟ್ಟರೆ ಕೋರ್ಟು ನಂಬದು,
ಈಗಲೇ ಮಾಡಿ.
ಕಕ್ಕಬ್ಬೆಯ ಮನೆ ಕಂಪನಿಗೆ,
ಸಿದ್ದಾಪುರದ ಮಳಿಗೆ ಟ್ರಸ್ಟಿಗೆ,
ಜೀಪು ದೇಚಮ್ಮನಿಗೆ.
ಒಂದು ಮುಳುಗಿದರೆ ಇನ್ನೊಂದು ಒದ್ದೆಯಾಗಬಾರದು."

ಹನ್ನೊಂದು ಕಡೆ ರುಜು ಹಾಕಿದೆ.
ಪೆನ್ನು ಆಫೀಸಿನದೆಂದು ಗುಮಾಸ್ತ ಕಸಿದುಕೊಂಡ.

ಈಗ ನನ್ನ ಮೇಲೆ ದಾವೆ ಹೂಡಿದರೆ
ಸಿಗುವುದು ಒಂದು ಛತ್ರಿ,
ಅರ್ಧ ಡಬ್ಬಿ ನಶ್ಯ.

ದೇಚಮ್ಮ ಎಲ್ಲ ಕೇಳಿಸಿಕೊಂಡು
ತಂತಿ ಬ್ರಷ್ಷು ಕೈಗಿಟ್ಟಳು:
"ಮೂರನೇ ಮೆಟ್ಟಿಲ ಪಾಚಿ
ಯಾರ ಹೆಸರಿಗಿದೆ?"

ಬಗ್ಗಿ ಉಜ್ಜುತ್ತಿದ್ದೇನೆ.
ಕಲ್ಲು ಕಂಪನಿಯದು.
ಮೊಣಕಾಲು ಮಾತ್ರ ಇನ್ನೂ ನನ್ನದೇ.